ಗೋಡೆಯಾಚೆಯ ಡ್ರಮ್ಮು

ಮುಂಬಯಿಗೆ ಬಂದು ಮೂವತ್ತೊಂದು ವರ್ಷವಾಯಿತು. ಸದ್ದಿನ ವಿಷಯದಲ್ಲಿ ನಮ್ಮಂಥವರಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ ಬಿಡಿ! ಲೋಕಲ್ ಟ್ರೇನು, ಟ್ಯಾಕ್ಸಿಗಳ ಹಾರನ್ನು, ಗಣಪತಿಯ ಢೋಲ್-ತಾಶಾ, ಪಕ್ಕದ ಮನೆಯ ಮಿಕ್ಸರು... ಇಷ್ಟರ ನಡುವೆಯೂ ಗೊರಕೆ ಹೊಡೆದು ಮಲಗುವ ವಿದ್ಯೆಯನ್ನು ಈ ಊರು ನಮಗೆಲ್ಲ ಕಲಿಸಿದೆ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮೊದಲ ರಾತ್ರಿ ನನಗೆ ನಿದ್ದೆ ಬರುವುದಿಲ್ಲ, ಕಾರಣ ಸದ್ದೇ ಇಲ್ಲ ಅನ್ನುವುದು!

ಆದರೆ ಕಳೆದ ಎರಡು ವರ್ಷ ನಮ್ಮ ಕಟ್ಟಡದವರ ನಿದ್ದೆ ಕೆಡಿಸಿದ ಸದ್ದೇ ಬೇರೆ. ಅದು ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಮಂಚದ ಕಾಲಿನಲ್ಲಿ ಗೊತ್ತಾಗುವಂಥದ್ದು. ಧಬ್... ಧಬ್... ಧಬ್... ಹಾಡು ಯಾವುದು ಅಂತ ತಿಳಿಯುವುದಿಲ್ಲ. ಹಾಡು ಕೇಳಿಸಿದ್ದರಾದರೂ ಒಂದು ಮಾತಿತ್ತು, ಕಿಶೋರ್ ಕುಮಾರ್ ಅಂದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮೇಲೆ ಬರುವುದು ಬರೇ ಡ್ರಮ್ಮು ಮತ್ತು ಬೇಸ್ ಗಿಟಾರು.

ನಮ್ಮದು ಫೋರ್ಟ್ ಕಡೆಯ ಹಳೇ ಕಟ್ಟಡ. ಮೇಲೆ ಮನೆಗಳು, ಕೆಳಗೆ ಅಂಗಡಿಗಳು, ಮೂಲೆಯಲ್ಲಿ ಒಂದು ಬಾರ್. ಬಾರಿನ ಮಾಲೀಕರು ನಮ್ಮ ಕುಂದಾಪುರ ಕಡೆಯವರೇ. ಹದಿಮೂರನೇ ವಯಸ್ಸಿಗೆ ಬೊಂಬಾಯಿ ಬಸ್ಸು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರು. ಇಂಥವರ ಕತೆ ನಿಮಗೂ ಗೊತ್ತಿರುತ್ತದೆ, ನಿಮ್ಮ ಮನೆಯಲ್ಲೇ ಒಬ್ಬರು ಇದ್ದಿರಬಹುದು. ನಾನು ಕೆಲಸ ಹುಡುಕುತ್ತಾ ಅಲೆಯುತ್ತಿದ್ದ ದಿನಗಳಲ್ಲಿ ಅವರ ಹೋಟೆಲಿನ ಖಾತೆಯಲ್ಲೇ ನನ್ನ ಊಟ ನಡೆದಿತ್ತು. ಒಂದು ದಿನವೂ ದುಡ್ಡು ಕೇಳಿದವರಲ್ಲ. ನನಗೆ ಅವರು ಅಣ್ಣ.

ಎರಡು ವರ್ಷದ ಹಿಂದೆ ಅಣ್ಣ ಬಾರಿನಲ್ಲಿ ಗುರುವಾರದಿಂದ ಶನಿವಾರದವರೆಗೆ ಲೈವ್ ಮ್ಯೂಸಿಕ್ ಶುರು ಮಾಡಿದರು. ಕೀಬೋರ್ಡು, ಬೇಸ್ ಗಿಟಾರು, ಡ್ರಮ್ಸು, ಒಬ್ಬ ಗಾಯಕ, ಒಬ್ಬಳು ಗಾಯಕಿ. ವ್ಯಾಪಾರ ಕುದುರಿತು. ಅದರ ಜೊತೆಗೇ ಮೇಲಿನವರ ದೂರೂ ಶುರುವಾಯಿತು. ಎರಡನೇ ಮಹಡಿಯಲ್ಲಿ ನಿವೃತ್ತ ಟೀಚರೊಬ್ಬರಿದ್ದಾರೆ, ಮರಾಠಿಯವರು. ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದು ನಾಲ್ಕು ವರ್ಷ. ಆ ಮನುಷ್ಯ ರಾತ್ರಿ ಮಲಗಿದರೆ ಮಾತ್ರ ಟೀಚರಿಗೂ ನಿದ್ದೆ, ಇಲ್ಲದಿದ್ದರೆ ಇಬ್ಬರಿಗೂ ಜಾಗರಣೆ. ದೂರಿನ ಪತ್ರ ಬರೆದು ಅವರು ತಂದುಕೊಟ್ಟದ್ದು ನನ್ನ ಕೈಗೆ. ಯಾಕೆಂದರೆ ಸೊಸೈಟಿಯ ಸೆಕ್ರೆಟರಿ ನಾನೇ!

ಈಗ ಹೇಳಿ, ಏನು ಮಾಡುವುದು? ಒಂದು ಕಡೆ ಅನ್ನ ಹಾಕಿದ ಮನೆ, ಇನ್ನೊಂದು ಕಡೆ ನಿದ್ದೆಯಿಲ್ಲದ ಮನೆ.

ಅಣ್ಣನ ಹತ್ತಿರ ಹೋಗಿ ಹೇಳಿದೆ. "ಎಂತ ಮಾರಾಯ್ರೆ, ನೀವೂ ಸಹಿ ಹಾಕುದಾ? ನಾವು ಒಂದೇ ಊರಿನವ್ರಲ್ವಾ?" ಅಂದರು. "ಸಹಿ ಹಾಕುವ ಮೊದಲು ಬಂದಿದ್ದೇನಲ್ಲ ಅಣ್ಣಾ. ದೀಪಾವಳಿಯೊಳಗೆ ಸರಿಯಾಗದಿದ್ದರೆ ಮೊದಲ ಸಹಿ ನನ್ನದೇ" ಅಂದೆ. ಅವರಿಗೆ ಬೇಜಾರಾಯಿತು. ನನಗೂ ಆಯಿತು. ಆದರೆ ಇಬ್ಬರಲ್ಲಿ ಯಾರಿಗೂ ಮಾತು ಅರ್ಥವಾಗಲಿಲ್ಲ ಅನ್ನುವ ಹಾಗಿರಲಿಲ್ಲ.

ಅಷ್ಟರೊಳಗೆ ಮೂರನೇ ಮಹಡಿಯವರು ಪೊಲೀಸರಿಗೆ ಫೋನು ಮಾಡಿಯಾಗಿತ್ತು. ನಾಲ್ಕು ಸಲ ಜೀಪು ಬಂತು. ಬಂದಾಗ ಸದ್ದು ಇಳಿಯಿತು, ಜೀಪು ಮೂಲೆ ತಿರುಗಿದ ಮೇಲೆ ಮತ್ತೆ ಏರಿತು. ಪೊಲೀಸರನ್ನು ದೂರಿ ಪ್ರಯೋಜನವಿಲ್ಲ. ರಾತ್ರಿಯಿಡೀ ಒಂದು ಬಾರಿನ ವಾಲ್ಯೂಮಿನ ಗುಂಡಿ ಹಿಡಿದು ಕೂರಲು ಯಾವ ಠಾಣೆಗೆ ಸಾಧ್ಯ? ಹೀಗಾಗಿ ಕಾನೂನು ಏನು ಹೇಳುತ್ತದೆ ಅಂತ ನಾನೇ ಓದಲು ಕೂತೆ.

ನಮ್ಮ ದೇಶದಲ್ಲಿ ಇದಕ್ಕೆ ಇರುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು. ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10, ಅಲ್ಲಿಂದ ಬೆಳಗಿನ 6ರವರೆಗೆ ರಾತ್ರಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ರಾತ್ರಿ ಧ್ವನಿವರ್ಧಕ ಕೂಡದು, ಆದರೆ ಮುಚ್ಚಿದ ಸಭಾಂಗಣದಂಥ ಜಾಗದ ಒಳಗೆ, ಒಳಗಿನವರಿಗಷ್ಟೇ ಕೇಳಿಸುವುದಾದರೆ ಸರಿ. ಬಾರಿನವರೆಲ್ಲ ಹಿಡಿದುಕೊಳ್ಳುವುದು ಈ 'ಮುಚ್ಚಿದ ಜಾಗ' ಎಂಬ ಮಾತನ್ನು. ಆದರೆ ಅದರ ಕೆಳಗೇ ಇನ್ನೊಂದು ಮಾತಿದೆ: ಖಾಸಗಿ ಸೌಂಡ್ ಸಿಸ್ಟಂನ ಸದ್ದು ಆ ಜಾಗದ ಗಡಿಯಲ್ಲಿ ಆಯಾ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಅಂದರೆ ವಾಣಿಜ್ಯ ಪ್ರದೇಶ ಅಂತಲೇ ಇಟ್ಟುಕೊಂಡರೂ ರಾತ್ರಿ ಗಡಿಯಲ್ಲಿ 60. ಬಾರಿಗೆ ಮಧ್ಯರಾತ್ರಿ ದಾಟಿ ತೆರೆದಿರಲು ಲೈಸೆನ್ಸ್ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಬಾಗಿಲು ತೆರೆದಿರುವುದಕ್ಕೆ ಸಿಕ್ಕ ಅನುಮತಿಯೇ ಬೇರೆ, ಸದ್ದು ಹೊರಗೆ ಬಿಡುವ ಅನುಮತಿಯೇ ಬೇರೆ.

2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು: ಮಾತನಾಡುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಆದರೆ ಬೇಡ ಅನ್ನುವವರ ಕಿವಿಗೆ ತುಂಬುವ ಹಕ್ಕು ಯಾರಿಗೂ ಇಲ್ಲ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಧ್ವನಿವರ್ಧಕಗಳ ಪ್ರಕರಣವೊಂದರಲ್ಲಿ, ದೂರು ಕೊಟ್ಟವರ ಗುರುತು ಹೊರಗೆ ಬಾರದಂತೆ ಪೊಲೀಸರು ಕ್ರಮ ತೆಗೆದುಕೊಳ್ಳಬೇಕು ಎಂದಿತು. ಇದು ಸಣ್ಣ ವಿಷಯವಲ್ಲ. ಕೆಳಗಿನ ಅಂಗಡಿಯವನನ್ನು ದಿನಾ ನೋಡಬೇಕಾದವರಿಗೆ ದೂರು ಕೊಡುವುದಕ್ಕಿಂತ ಮಾರನೇ ದಿನ ಅವನ ಮುಖ ನೋಡುವುದೇ ಕಷ್ಟ.

ಆದರೆ ಸ್ವಾಮಿ, ಕಾನೂನಿನ ಮೀಟರಿಗೆ ಒಂದು ಕುರುಡು ಇದೆ. ಇದು ನನಗೆ ಗೊತ್ತಾದದ್ದು ಸೌಂಡ್ ಇಂಜಿನಿಯರಿಂಗ್ ಮಾಡುವ ಗೆಳೆಯರೊಬ್ಬರಿಂದ. ಅಳೆಯುವ ಡೆಸಿಬೆಲ್ಲಿನ ಪಕ್ಕ ಬ್ರಾಕೆಟ್ಟಿನಲ್ಲಿ 'ಎ' ಅಂತ ಒಂದು ಅಕ್ಷರ ಇರುತ್ತದೆ. ಮನುಷ್ಯನ ಕಿವಿಗೆ ತಗ್ಗು ಸ್ವರ ಕಡಿಮೆ ಕೇಳಿಸುತ್ತದೆ ಅನ್ನುವ ಕಾರಣಕ್ಕೆ ಮೀಟರು ಆ ಭಾಗವನ್ನು ಕಳೆದು ಲೆಕ್ಕ ಹಾಕುತ್ತದೆ. 63 ಹರ್ಟ್ಸ್, ಅಂದರೆ ಹೆಚ್ಚುಕಡಿಮೆ ದೊಡ್ಡ ಡ್ರಮ್ಮಿನ ಗುದ್ದು ಇರುವ ಜಾಗದಲ್ಲಿ, ಸುಮಾರು 26 ಡೆಸಿಬೆಲ್ ಮಾಫಿ! ಗಾಯಕಿಯ ದನಿಯನ್ನು ಗೋಡೆ ತಡೆಯುತ್ತದೆ, ಈ ಗುದ್ದನ್ನು ತಡೆಯುವುದಿಲ್ಲ. ಅದು ಕಂಬ ಹಿಡಿದು, ಸ್ಲ್ಯಾಬ್ ಹಿಡಿದು ಮೇಲೆ ಹತ್ತುತ್ತದೆ. ಹೀಗಾಗಿ ಮೀಟರು ಹಿಡಿದು ಬಂದವನು "ಎಲ್ಲ ಸರಿ ಇದೆಯಲ್ಲ" ಅನ್ನುತ್ತಾನೆ, ಮೇಲೆ ಟೀಚರ ಮನೆಯ ಸ್ಟೀಲ್ ಡಬ್ಬಿಗಳು ಕಿಣಿಕಿಣಿ ಅನ್ನುತ್ತಿರುತ್ತವೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ! ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯೊಳಗೆ 30 ಡೆಸಿಬೆಲ್ ಸಾಕು ಅಂದಿದೆ, ತಗ್ಗು ಸ್ವರ ಹೆಚ್ಚಿದ್ದರೆ ಅದಕ್ಕಿಂತಲೂ ಕಡಿಮೆ ಇರಬೇಕು ಎಂದೂ ಸೇರಿಸಿದೆ.

ಈ ನಗರಕ್ಕೆ ಬಾರು-ಹೋಟೆಲಿನ ಸಂಗೀತ ಹೊಸತೇನಲ್ಲ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಚರ್ಚ್‌ಗೇಟಿನ ರೆಸ್ಟೋರೆಂಟುಗಳಲ್ಲಿ, ತಾಜ್ ಹೋಟೆಲಿನಲ್ಲಿ ಗೋವಾದ ವಾದ್ಯಗಾರರು ಜಾಝ್ ನುಡಿಸುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಹಗಲು ಹಿಂದಿ ಸಿನಿಮಾದ ವಾದ್ಯವೃಂದದಲ್ಲಿರುತ್ತಿದ್ದರು. ಆಗ ಸಬ್‌ವೂಫರ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಇವತ್ತಿನ ತಕರಾರಿನಲ್ಲಿ ಮುಕ್ಕಾಲು ಪಾಲು ಆ ಒಂದು ಪೆಟ್ಟಿಗೆಯದ್ದು.

ಇನ್ನು ನಮ್ಮ ಸೊಸೈಟಿ ಮೀಟಿಂಗಿನ ಕತೆ ಕೇಳಿ. ಸದ್ದಿನ ಬಗ್ಗೆ ಮಾತಾಡಲು ಸೇರಿದವರು ಹತ್ತು ನಿಮಿಷದಲ್ಲಿ ಬಾರಿನ ಬಗ್ಗೆ ಮಾತಾಡತೊಡಗಿದರು. "ಕುಡುಕರು", "ಹಾಡುವ ಹುಡುಗಿ ಎಂಥವಳೋ"... ಒಬ್ಬರಂತೂ "ಇದು ಡ್ಯಾನ್ಸ್ ಬಾರ್ ಆಗುವುದಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ?" ಅಂದರು. ಮಹಾರಾಷ್ಟ್ರದಲ್ಲಿ 2005ರಲ್ಲಿ ಡ್ಯಾನ್ಸ್ ಬಾರು ನಿಷೇಧವಾದ ಮೇಲೆ ಆರ್ಕೆಸ್ಟ್ರಾ ಬಾರುಗಳು ಹೆಚ್ಚಿದವು, ಅವುಗಳಲ್ಲಿ ಎಷ್ಟೋ ನಮ್ಮ ಕರಾವಳಿಯವರದ್ದೇ. ವೇದಿಕೆ ಮೇಲೆ ನಾಲ್ಕೇ ಹೆಂಗಸರು, ನಾಲ್ಕೇ ಗಂಡಸರು ಅಂತ ಅವುಗಳ ಮೇಲೆ ಒಂದು ಷರತ್ತೂ ಇತ್ತು, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ನಾನು ಮೀಟಿಂಗಿನಲ್ಲಿ ಹೇಳಿದ್ದು ಇಷ್ಟೇ: ದೂರು ಸದ್ದಿನದ್ದಾದರೆ ಸದ್ದಿನದ್ದನ್ನೇ ಬರೆಯೋಣ. ಹಾಡುವವಳ ನಡತೆಗೆ ಡೆಸಿಬೆಲ್ ಇಲ್ಲ. ಎರಡನ್ನೂ ಕಲೆಸಿದರೆ ಅಣ್ಣ ಎರಡನೆಯದಕ್ಕೆ ಉತ್ತರ ಕೊಟ್ಟು ಮೊದಲನೆಯದರಿಂದ ತಪ್ಪಿಸಿಕೊಳ್ಳುತ್ತಾರೆ!

ಬೆಂಗಳೂರಿನಲ್ಲೂ ಹೀಗೇ ಒಂದು ಗೊಂದಲ ಆಯಿತು. ಇಂದಿರಾನಗರದ ನಿವಾಸಿಗಳು ಪಬ್ಬುಗಳ ಸದ್ದಿನ ವಿರುದ್ಧ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಲೈಸೆನ್ಸ್ ಬೇಕೆನ್ನುವ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಪೊಲೀಸರು ಎಲ್ಲರಿಂದಲೂ ಕಾಗದ ಕೇಳತೊಡಗಿದರು. ಕಾಗದ ಬೇಕು, ಬೇಡ ಅಂದವರಾರು? ಆದರೆ ಕಾಗದ ಇದ್ದ ಮಾತ್ರಕ್ಕೆ ಸಬ್‌ವೂಫರ್ ಮೆಲ್ಲಗಾಗುವುದಿಲ್ಲ. ಕಾಗದ ಇಲ್ಲದ ಸಣ್ಣ ಜಾಗದಲ್ಲಿ ಒಬ್ಬ ಹುಡುಗ ಗಿಟಾರು ಹಿಡಿದು ಮೆಲ್ಲಗೆ ಹಾಡಿದರೆ ಯಾರ ನಿದ್ದೆಯೂ ಕೆಡುವುದಿಲ್ಲ. ನಿಲ್ಲುವುದು ಮಾತ್ರ ಎರಡನೆಯದೇ.

ಮತ್ತೆ ಬರುವುದು ಆ ಹಳೇ ಪ್ರಶ್ನೆ: ಮೊದಲು ಬಂದವರು ಯಾರು? ಅಣ್ಣ ಹೇಳಿದರು, "ಬಾರು ಉಂಟು ಅಂತ ಗೊತ್ತಿದ್ದೇ ಅಲ್ವಾ ಇವ್ರು ಮನೆ ತಗೊಂಡದ್ದು?" ಟೀಚರು ಹೇಳಿದರು, ನಾನು ಮದುವೆಯಾಗಿ ಈ ಮನೆಗೆ ಬಂದಾಗ ಕೆಳಗೆ ಕಾಗದದ ಗೋದಾಮು ಇತ್ತು ಅಂತ. ವಲಸೆ ಬಂದ ನಮಗೆ ಈ 'ಮೊದಲು ಬಂದವರ' ವಾದ ಅಷ್ಟು ಒಳ್ಳೆಯದಲ್ಲ ನೋಡಿ. 1960ರ ದಶಕದ ಕೊನೆಯಲ್ಲಿ ಇದೇ ವಾದ ಹಿಡಿದವರು ಉಡುಪಿ ಹೋಟೆಲುಗಳಿಗೆ ಕಲ್ಲು ಹೊಡೆದದ್ದು.

ಬೇರೆ ದೇಶದವರು ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದಾರೆ: ಮೊದಲು ಬಂದವರು ಯಾರು ಅಂತಲ್ಲ, *ಬದಲಾವಣೆ ತಂದವರು* ಯಾರು ಅಂತ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ 2014ರಲ್ಲಿ ಇದನ್ನು ಯೋಜನಾ ನಿಯಮವಾಗಿಸಿತು, ಇಂಗ್ಲೆಂಡು 2018ರಲ್ಲಿ ತನ್ನ ಯೋಜನಾ ನೀತಿಯಲ್ಲಿ ಸೇರಿಸಿತು. ಹಳೇ ಸಂಗೀತದ ಜಾಗದ ಪಕ್ಕ ಹೊಸ ಅಪಾರ್ಟ್‌ಮೆಂಟು ಕಟ್ಟುವ ಬಿಲ್ಡರು ಸದ್ದು ತಡೆಯುವ ಕಿಟಕಿ-ಗೋಡೆಗೆ ತಾನೇ ಖರ್ಚು ಮಾಡಬೇಕು. ಮನೆಗಳ ನಡುವೆ ಹೊಸದಾಗಿ ಸಂಗೀತ ಶುರು ಮಾಡುವವನಾದರೆ ಖರ್ಚು ಅವನದ್ದು. ನಮ್ಮ ಕಟ್ಟಡದಲ್ಲಿ ಲೆಕ್ಕ ಸುಲಭವಾಯಿತು. ಬಾರು ಹಳೆಯದು, ಮನೆಗಳೂ ಹಳೆಯವು. ಹೊಸತು ಡ್ರಮ್ಮು. ಹಾಗಾಗಿ ಖರ್ಚು ಡ್ರಮ್ಮು ತಂದವರದ್ದು. ಆಶ್ಚರ್ಯ ಅಂದರೆ ಈ ಮಾತಿಗೆ ಅಣ್ಣನೂ ತಲೆಯಾಡಿಸಿದರು. ವ್ಯಾಪಾರಿಗೆ ಲೆಕ್ಕ ಸರಿಯಾಗಿ ಹೇಳಿದರೆ ಒಪ್ಪುತ್ತಾನೆ, ನೀತಿ ಹೇಳಿದರೆ ಜಗಳಕ್ಕೆ ಬರುತ್ತಾನೆ!

ಒಂದು ಬುಧವಾರ ಮಧ್ಯಾಹ್ನ ಖಾಲಿ ಬಾರಿನಲ್ಲಿ ನಾವೆಲ್ಲ ಸೇರಿದೆವು. ಅಣ್ಣ, ವಾದ್ಯದವರು, ಸೌಂಡ್ ಗೆಳೆಯರು, ನಾನು. ಟೀಚರು ಮೇಲೆ ತಮ್ಮ ಮನೆಯಲ್ಲಿ ಫೋನು ಹಿಡಿದು ಕೂತರು. ಒಂದೊಂದೇ ವಾದ್ಯ ನುಡಿಸಿ ಕೇಳಿದೆವು. ಗಾಯಕಿ ಹಾಡಿದರೆ "ಕೇಳಿಸುವುದಿಲ್ಲ". ಕೀಬೋರ್ಡು, "ಸ್ವಲ್ಪ, ಪರವಾಗಿಲ್ಲ". ಬೇಸ್ ಗಿಟಾರು, "ಹಾಂ, ಇದೇ". ಡ್ರಮ್ಮಿನ ಪೆಡಲು ಒತ್ತಿದ ಕೂಡಲೇ "ಇದೇ ಇದೇ!" ಇಷ್ಟು ದಿನ ಎಲ್ಲರ ಸಿಟ್ಟು ಬಿದ್ದದ್ದು ಏನೂ ತೊಂದರೆ ಕೊಡದ ಆ ಹುಡುಗಿಯ ಮೇಲೆ, ನೋಡಿ.

ಆಮೇಲೆ ಮಾಡಿದ ಕೆಲಸಗಳು ದೊಡ್ಡವೇನಲ್ಲ. ನಿಮಗೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ. ಸಬ್‌ವೂಫರು ಮೂಲೆಯಲ್ಲಿ ಕಂಬಕ್ಕೆ ತಾಗಿ ನೆಲದ ಮೇಲೇ ಇತ್ತು. ಮೂಲೆ ತಗ್ಗು ಸ್ವರವನ್ನು ಇನ್ನೂ ಹೆಚ್ಚಿಸುತ್ತದೆ, ಕಂಬ ಅದನ್ನು ಮೇಲಕ್ಕೆ ಹೊರುತ್ತದೆ. ಅದನ್ನು ಈಚೆ ಎಳೆದು ದಪ್ಪ ರಬ್ಬರಿನ ಮೇಲೆ ಕೂರಿಸಿದರು. ಡ್ರಮ್ ಸೆಟ್ಟಿನ ಕೆಳಗೆ ರಬ್ಬರು-ಪ್ಲೈವುಡ್ಡಿನ ಹಲಗೆ, ದೊಡ್ಡ ಡ್ರಮ್ಮಿನ ಹೊಟ್ಟೆಯೊಳಗೆ ಒಂದು ಹಳೇ ಕಂಬಳಿ. ಸ್ಪೀಕರುಗಳ ಮುಖ ಗಿರಾಕಿಗಳ ಕಡೆಗೆ ತಿರುಗಿತು, ಹಾಗಾಗಿ ಕಡಿಮೆ ಸದ್ದಿನಲ್ಲೇ ಅವರಿಗೆ ಸಾಕಷ್ಟು ಕೇಳುವಂತಾಯಿತು. ಬಾಗಿಲು ಒಂದರ ಬದಲು ಎರಡು, ನಡುವೆ ನಾಲ್ಕು ಹೆಜ್ಜೆ ಜಾಗ. ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯಬೇಕು. ಎಕ್ಸಾಸ್ಟ್ ಫ್ಯಾನಿನ ಕಿಂಡಿಯಿಂದಲೂ ಸದ್ದು ಹೋಗುತ್ತಿತ್ತು, ಅದಕ್ಕೊಂದು ಡೊಂಕು ಕೊಳವೆ ಬಂತು. ಹತ್ತರ ನಂತರ ಡ್ರಮ್ಮಿನ ಬದಲು ಎಲೆಕ್ಟ್ರಾನಿಕ್ ಪ್ಯಾಡು. ಕೊನೆಗೆ ಸೌಂಡ್ ಲಿಮಿಟರ್, ಅಂದರೆ ಗೊತ್ತುಮಾಡಿದ ಮಟ್ಟ ಮೀರದಂತೆ ಆಂಪ್ಲಿಫೈಯರನ್ನು ತಡೆಯುವ ಪೆಟ್ಟಿಗೆ. ಅದರ ಮಟ್ಟ ಗೊತ್ತುಮಾಡಿದ್ದು ಬಾರಿನಲ್ಲಲ್ಲ, ಟೀಚರ ಮಲಗುವ ಕೋಣೆಯಲ್ಲಿ ನಿಂತು. ಹತ್ತು ಡೆಸಿಬೆಲ್ ಇಳಿಸಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ, ಆದರೆ ಬಾರಿನಲ್ಲಿ ಕೂತು ಹರಟುವವನಿಗೆ ಅದು ನಷ್ಟವಲ್ಲ, ಎದುರಿನವನ ಮಾತು ಕೇಳುತ್ತದೆ!

ಇನ್ನೆರಡು ಕಾಗದದ ಕೆಲಸ. ಬಾರಿನಲ್ಲಿ ಒಬ್ಬ ಮ್ಯಾನೇಜರಿನ ನಂಬರು, ರಾತ್ರಿ ಯಾರು ಫೋನು ಮಾಡಿದರೂ ಅವನು ಎತ್ತಲೇಬೇಕು. ನನ್ನ ಹತ್ತಿರ ಒಂದು ನೋಟ್‌ಬುಕ್ಕು, ದೂರು ಬಂದ ದಿನ, ಹೊತ್ತು, ಯಾವ ಸದ್ದು, ಏನಾಯಿತು ಅಂತ ಬರೆಯಲು. ಪೊಲೀಸರ ಹತ್ತಿರ ಹೋಗಬೇಕಾಗಿ ಬಂದರೆ "ಯಾವಾಗಲೂ ಗಲಾಟೆ ಸಾರ್" ಅನ್ನುವುದಕ್ಕಿಂತ ಈ ನೋಟ್‌ಬುಕ್ಕಿಗೆ ತೂಕ ಹೆಚ್ಚು.

ಹೋಗಬೇಕಾಗಿಯೂ ಬಂತು. ನವೆಂಬರಿನ ಒಂದು ಶನಿವಾರ ಯಾರದೋ ಹುಟ್ಟುಹಬ್ಬದ ಪಾರ್ಟಿ, ಗಿರಾಕಿ ದೊಡ್ಡವನು. ಲಿಮಿಟರಿನ ವೈರು ಕಳಚಿ ನೇರ ಹಾಕಿದ್ದರು. ರಾತ್ರಿ ಒಂದು ಗಂಟೆಯವರೆಗೆ ಧಬ್ ಧಬ್. ಮ್ಯಾನೇಜರು ಫೋನು ಎತ್ತಲಿಲ್ಲ. ಮಾರನೇ ದಿನ ಬೆಳಗ್ಗೆ ದೂರಿನ ಪತ್ರಕ್ಕೆ ಮೊದಲ ಸಹಿ ಹಾಕಿ ಠಾಣೆಗೆ ಕೊಟ್ಟೆ. ಪ್ರತಿಯೊಂದನ್ನು ನಾನೇ ತೆಗೆದುಕೊಂಡು ಹೋಗಿ ಅಣ್ಣನ ಗಲ್ಲಾದ ಮೇಲಿಟ್ಟೆ. ಅವರು ಓದಿದರು, ಮಡಚಿದರು, ಏನೂ ಹೇಳಲಿಲ್ಲ. ಮೂರು ವಾರ ನನ್ನೊಡನೆ ಮಾತಿಲ್ಲ. ಅವರ ಖಾತೆಯಲ್ಲಿ ಉಂಡ ದಿನಗಳು ಆ ಮೂರು ವಾರ ನನಗೆ ನೆನಪಾದಷ್ಟು ಯಾವತ್ತೂ ಆಗಿಲ್ಲ. ಆದರೂ ಆ ಸಹಿ ಇಲ್ಲದಿದ್ದರೆ ಟೀಚರ ಮುಂದೆ ನಮ್ಮ ಒಪ್ಪಂದಕ್ಕೆ ಏನು ಬೆಲೆ? 'ಅವರವರು ಒಂದೇ ಊರಿನವರು' ಅನ್ನುವ ಮಾತು ಆಗಲೇ ಮೆಟ್ಟಿಲಿನಲ್ಲಿ ಓಡಾಡುತ್ತಿತ್ತು.

ನಾಲ್ಕನೇ ವಾರ ಅಣ್ಣ ಮೇಲೆ ಬಂದರು. ಲಿಮಿಟರಿಗೆ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿಸಿದ್ದರು. "ಕೀ ನಿಮ್ಮ ಸೊಸೈಟಿಲೇ ಇರ್ಲಿ. ನನ್ನ ಹತ್ರ ಇದ್ರೆ ದೊಡ್ಡ ಗಿರಾಕಿ ಬಂದಾಗ ನಾನು ತೆಗೀತೇನೆ, ನನ್ನನ್ನು ನಾನೇ ನಂಬೂದಿಲ್ಲ" ಅಂದರು. ಕೀ ಈಗ ಸೊಸೈಟಿ ಆಫೀಸಿನ ಡ್ರಾಯರಿನಲ್ಲಿದೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಬಾರು ಮುಚ್ಚಿದ ಮೇಲೆ ಫುಟ್‌ಪಾತಿನಲ್ಲಿ ನಿಂತು ಸಿಗರೇಟು ಸೇದುವವರ ನಗು, ಟ್ಯಾಕ್ಸಿಯ ಹಾರನ್ನು, ಇವಕ್ಕೆ ಯಾವ ಲಿಮಿಟರೂ ಇಲ್ಲ. ಒಬ್ಬ ವಾಚ್‌ಮನ್ ನಿಂತು ಜನರನ್ನು ಕಳಿಸುತ್ತಾನೆ, ಅರ್ಧ ಸಲ ಅವನ ಸೀಟಿಯೇ ಎಲ್ಲರನ್ನೂ ಎಬ್ಬಿಸುತ್ತದೆ! ಡ್ರಮ್ಮಿನ ಹುಡುಗನಿಗೆ ಪ್ಯಾಡು ಇಷ್ಟವಿಲ್ಲ. "ಇದು ಪ್ಲಾಸ್ಟಿಕ್ ತಟ್ಟಿದ ಹಾಗೆ ಸಾಬ್" ಅಂತಾನೆ. ಅವನ ಬೇಜಾರು ನನಗೆ ಅರ್ಥವಾಗುತ್ತದೆ. ಶಬ್ದ ನಿಯಮದ ಕಾರಣಕ್ಕೆ 2022ರಲ್ಲಿ ಕಟೀಲು ಮೇಳದ ಆಟ ಇಡೀ ರಾತ್ರಿಯಿಂದ ಕಾಲಮಿತಿಗೆ ಇಳಿದಾಗ ನಾವೆಲ್ಲ ಎಷ್ಟು ಸಂಕಟಪಟ್ಟೆವು! ಚೆಂಡೆ ನಮಗೆ ಸಂಗೀತ, ಡ್ರಮ್ಮು ಗಲಾಟೆ ಅನ್ನಲು ಬರುವುದಿಲ್ಲ. ಅವನಿಗೆ ಕೆಲಸ ಉಳಿದಿದೆ, ಹತ್ತು ಗಂಟೆಯವರೆಗೆ ಅವನ ಡ್ರಮ್ಮೂ ಉಳಿದಿದೆ. ಸದ್ಯಕ್ಕೆ ಅಷ್ಟು.

ಟೀಚರ ಗಂಡ ಈಗ ವಾರದಲ್ಲಿ ಹೆಚ್ಚಿನ ರಾತ್ರಿ ಮಲಗುತ್ತಾರಂತೆ. ಕಳೆದ ತಿಂಗಳು ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆದದ್ದು, ಒಂದು ಹಾರನ್ನಿನದು, ಒಂದು ಬಾಗಿಲಿನದು. ಪುಣೆಯಲ್ಲೋ ಹೈದರಾಬಾದಿನಲ್ಲೋ ನಿಮ್ಮ ಕಟ್ಟಡದ ಕೆಳಗೂ ಒಂದು ಡ್ರಮ್ಮು ಇದ್ದರೆ, ಪೊಲೀಸರಿಗೆ ಫೋನು ಮಾಡುವ ಮೊದಲು ಒಂದು ಮಧ್ಯಾಹ್ನ ಕೆಳಗೆ ಹೋಗಿ ಬನ್ನಿ. ಒಬ್ಬರನ್ನು ಮೇಲೆ ಫೋನು ಹಿಡಿದು ಕೂರಿಸಿ. ಮತ್ತೆ ಸಹಿ ಹಾಕಬೇಕಾದ ದಿನ ಬಂದರೆ, ಕೆಳಗಿರುವವರು ಯಾವ ಊರಿನವರು ಅಂತ ನೋಡದೆ ಹಾಕಿ. ಬರ್ಲಾ?